ಜ್ಯಾಕ್ ಜಾನ್ಸನ್ ಈಗಿನವರ ಎದುರು ನಿಂತರೆ?

ಒಂದು ಹಳೆಯ ಫಿಲ್ಮ್ ಇದೆ. 1909ರ ಅಕ್ಟೋಬರ್ 16ರದು. ಜಾಗ ಸ್ಯಾನ್ ಫ್ರಾನ್ಸಿಸ್ಕೊ ಪಕ್ಕದ ಕೋಲ್ಮಾ. ಹೆವಿವೇಟ್ ಚಾಂಪಿಯನ್ ಜ್ಯಾಕ್ ಜಾನ್ಸನ್ ಎದುರಿಗೆ ಮಿಡಲ್‌ವೇಟ್ ಚಾಂಪಿಯನ್ ಸ್ಟ್ಯಾನ್ಲಿ ಕೆಚೆಲ್. ಹನ್ನೆರಡನೇ ರೌಂಡಿನಲ್ಲಿ ಕೆಚೆಲ್ ಬಲಗೈ ಬೀಸಿ ಜಾನ್ಸನ್ ತಲೆಗೆ ಕೊಡುತ್ತಾನೆ. ಜಾನ್ಸನ್ ಕೆಳಗೆ. ಕೈ ಊರಿ ಏಳುತ್ತಾನೆ. ಇನ್ನು ಮುಗಿಸಿಬಿಡೋಣ ಅಂತ ಕೆಚೆಲ್ ನುಗ್ಗುತ್ತಾನೆ. ಕಣ್ಣು ಮಿಟುಕಿಸುವಷ್ಟರಲ್ಲಿ ಕೆಚೆಲ್ ಅಂಗಾತ ಬಿದ್ದಿದ್ದಾನೆ. ಹೊಡೆದ ರಭಸಕ್ಕೆ ಜಾನ್ಸನ್ ಕೂಡ ಅವನನ್ನು ಎಡವಿ ಉರುಳಿ, ಎದ್ದು, ಹಗ್ಗಕ್ಕೆ ಒರಗಿ ನಿಂತು ತನ್ನ ಗ್ಲೌಸನ್ನು ಸವರಿಕೊಳ್ಳುತ್ತಾನೆ. ಕೆಚೆಲ್‌ನ ಹಲ್ಲು ಗ್ಲೌಸಿಗೆ ಸಿಕ್ಕಿಕೊಂಡಿತ್ತು ಅನ್ನುವುದು ಬಾಕ್ಸಿಂಗ್ ಲೋಕದ ಹೆಸರುವಾಸಿ ಕಥೆ.

ಮೊದಲ ಸಲ ನೋಡಿದಾಗ ನನಗೆ ನಗು ಬಂದಿತ್ತು. ಎಲ್ಲರೂ ಕೀಲಿ ಕೊಟ್ಟ ಗೊಂಬೆಗಳ ಹಾಗೆ ಟಕಟಕ ಓಡಾಡುತ್ತಾರೆ. ಇವರೇನು ಬಾಕ್ಸಿಂಗ್ ಮಾಡ್ತಾರೆ ಅನ್ನಿಸಿತು. ಆಮೇಲೆ ಗೊತ್ತಾಯಿತು, ತಪ್ಪು ಅವರದಲ್ಲ. ಆಗ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು. ಸೆಕೆಂಡಿಗೆ ಸುಮಾರು 16 ಚಿತ್ರ. ಅದನ್ನೇ 24ರ ವೇಗದಲ್ಲಿ ಓಡಿಸಿದರೆ ಎಲ್ಲವೂ ಒಂದೂವರೆ ಪಟ್ಟು ಜೋರಾಗುತ್ತದೆ. ಸರಿಯಾದ ವೇಗಕ್ಕೆ ತಂದ ಪ್ರತಿ ನೋಡಿದರೆ ಜಾನ್ಸನ್ ಬೇರೆಯೇ ಮನುಷ್ಯ. ಅವಸರವೇ ಇಲ್ಲ. ಬೆಕ್ಕು ಇಲಿಯನ್ನು ನೋಡುವ ಹಾಗೆ ಎದುರಾಳಿಯನ್ನು ನೋಡುತ್ತಾನೆ.

ಆಗ ಆ ಪ್ರಶ್ನೆ ತಾನಾಗಿಯೇ ಬರುತ್ತದೆ. ಈತ ಈಗ ಇದ್ದಿದ್ದರೆ? ಟೈಸನ್ ಫ್ಯೂರಿ, ಒಲೆಕ್ಸಾಂಡ್ರ್ ಉಸಿಕ್ ಇಂಥವರ ಎದುರು ಎಷ್ಟು ಹೊತ್ತು ನಿಲ್ಲುತ್ತಿದ್ದ?

ಓಟದಲ್ಲಾದರೆ ಈ ಜಗಳ ಇಲ್ಲ. ನೂರು ಮೀಟರಿನ ಮೊದಲ ಅಧಿಕೃತ ವಿಶ್ವ ದಾಖಲೆ 1912ರದು, 10.6 ಸೆಕೆಂಡ್. ಉಸೇನ್ ಬೋಲ್ಟ್ 2009ರಲ್ಲಿ 9.58ಕ್ಕೆ ಮುಗಿಸಿದ. ಕೆಮ್ಮಣ್ಣು, ಶೂ, ತರಬೇತಿ ಅಂತ ಏನೇ ನೆಪ ಹೇಳಿದರೂ ಗಡಿಯಾರ ಒಂದೇ. ಬಾಕ್ಸಿಂಗಿಗೆ ಗಡಿಯಾರ ಇಲ್ಲ. ವಿಶ್ವನಾಥ್ ಈಗ ಟಿ20 ಆಡಿದ್ದರೆ ಅಂತ ನಾವು ಟೀ ಕುಡಿಯುತ್ತಾ ಜಗಳ ಆಡುತ್ತೇವಲ್ಲ, ಅದೇ ಜಾತಿಯದು ಇದೂ. ಆದರೆ ಬಾಕ್ಸಿಂಗಿನವರು ಈ ಜಗಳವನ್ನು ನೂರು ವರ್ಷಕ್ಕೂ ಮೀರಿ ಎಳೆದಿದ್ದಾರೆ. ಒಮ್ಮೆ ಪಂದ್ಯ ಕಟ್ಟಿ ಉತ್ತರ ಹುಡುಕಿದರು, ಒಮ್ಮೆ ಪಟ್ಟಿ ಬರೆದು, ಒಮ್ಮೆ ಕಂಪ್ಯೂಟರಿಗೆ ಕೇಳಿ. ಮೂರು ಸಲವೂ ಬಂದ ಉತ್ತರದಲ್ಲಿ ಬಾಕ್ಸರ್‌ಗಳಿಗಿಂತ ಕೇಳಿದವರೇ ಜಾಸ್ತಿ ಕಾಣಿಸುತ್ತಾರೆ.

ಈ ಜಗಳದ ಬೇರು ಜಾನ್ಸನ್‌ಗಿಂತ ಹಿಂದಿನದು. 1889ರ ಜುಲೈ 8ರಂದು ಮಿಸಿಸಿಪ್ಪಿಯ ರಿಚ್‌ಬರ್ಗ್‌ನಲ್ಲಿ ಜಾನ್ ಎಲ್. ಸಲಿವನ್ ಮತ್ತು ಜೇಕ್ ಕಿಲ್ರೇನ್ ಬರಿಗೈಯಲ್ಲಿ ಹೊಡೆದಾಡಿದರು. 75 ರೌಂಡು. ಈ ಅಂಕಿ ಕೇಳಿದ ಕೂಡಲೇ ಜನ ಬಾಯಿ ಬಿಡುತ್ತಾರೆ. ನೋಡಿ, ಆಗಿನವರು 75 ರೌಂಡು ಆಡ್ತಿದ್ರು, ಈಗಿನವರಿಗೆ 12ಕ್ಕೇ ಉಸಿರು ಸಿಗಲ್ಲ ಅಂತಾರೆ. ಸ್ವಲ್ಪ ತಡೆಯಿರಿ. ಆಗಿನ ನಿಯಮದಲ್ಲಿ ರೌಂಡು ಅಂದರೆ ಮೂರು ನಿಮಿಷ ಅಲ್ಲ. ಯಾರಾದರೂ ಒಬ್ಬ ನೆಲಕ್ಕೆ ಬಿದ್ದರೆ ಒಂದು ರೌಂಡು ಮುಗಿಯಿತು. ಗುದ್ದು ತಿಂದು ಬಿದ್ದರೂ ಅಷ್ಟೇ, ಕುಸ್ತಿಯ ಹಾಗೆ ಎತ್ತಿ ಒಗೆದರೂ ಅಷ್ಟೇ. ಕೆಲವು ರೌಂಡು ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತಿದ್ದವು. ಆ 75 ರೌಂಡಿಗೆ ಒಟ್ಟು ಹಿಡಿದದ್ದು ಎರಡು ಗಂಟೆ ಹದಿನಾರು ನಿಮಿಷ. ಸುಡು ಬಿಸಿಲಲ್ಲಿ ಅದೇನೂ ಸಣ್ಣ ಮಾತಲ್ಲ. ಆದರೆ ಈಗಿನ 12 ರೌಂಡಿನ ಪಕ್ಕ ಇಟ್ಟು ತೂಗುವ ಮಾತೂ ಅಲ್ಲ.

ಮೂರು ವರ್ಷದ ನಂತರ, 1892ರ ಸೆಪ್ಟೆಂಬರ್ 7ರಂದು, ನ್ಯೂ ಆರ್ಲಿಯನ್ಸ್‌ನಲ್ಲಿ ಅದೇ ಸಲಿವನ್ ಗ್ಲೌಸ್ ಹಾಕಿಕೊಂಡು, ಮೂರು ನಿಮಿಷದ ರೌಂಡಿನ ನಿಯಮದಲ್ಲಿ, ಜೇಮ್ಸ್ ಕಾರ್ಬೆಟ್ ಎದುರು ನಿಂತ. ಕಾರ್ಬೆಟ್ ಕೈಗೇ ಸಿಗಲಿಲ್ಲ. ಬಂದ, ಕುಟ್ಟಿದ, ಜಾರಿಕೊಂಡ. 21ನೇ ರೌಂಡಿನಲ್ಲಿ ಸಲಿವನ್ ನಾಕೌಟ್. ಹಳೇ ನಿಯಮ ಇದ್ದಿದ್ದರೆ, ಸಲಿವನ್ ಕುಡಿದು ಮೈ ಬೆಳೆಸದೆ ಇದ್ದಿದ್ದರೆ ಅಂತ ಅಭಿಮಾನಿಗಳು ಶುರು ಮಾಡಿದರು. ಇವತ್ತಿನ ವಾದಗಳೆಲ್ಲ ಅವತ್ತೇ ಹುಟ್ಟಿದ್ದವು.

ಈಗ ಜಾನ್ಸನ್‌ಗೆ ಬರೋಣ. 1878ರಲ್ಲಿ ಟೆಕ್ಸಾಸ್‌ನ ಗ್ಯಾಲ್ವೆಸ್ಟನ್ ಬಂದರು ಊರಿನಲ್ಲಿ ಹುಟ್ಟಿದವನು. ತಂದೆ ತಾಯಿ ಇಬ್ಬರೂ ಗುಲಾಮಗಿರಿ ಕಂಡು ಬಂದವರು. 1901ರಲ್ಲಿ ಜೋ ಚೊಯಿನ್ಸ್ಕಿ ಅನ್ನುವ ಅನುಭವಿ ಬಾಕ್ಸರ್ ಅದೇ ಊರಿಗೆ ಬಂದು ಇವನನ್ನು ಮೂರನೇ ರೌಂಡಿನಲ್ಲಿ ನಾಕೌಟ್ ಮಾಡಿದ. ಟೆಕ್ಸಾಸ್‌ನಲ್ಲಿ ಆಗ ಹಣಕ್ಕಾಗಿ ಬಾಕ್ಸಿಂಗ್ ಮಾಡುವುದು ಅಪರಾಧ. ಪೊಲೀಸರು ಹೊಡೆದವನನ್ನೂ ಹೊಡೆಸಿಕೊಂಡವನನ್ನೂ ಹಿಡಿದು ಒಂದೇ ಜೈಲಿಗೆ ಹಾಕಿದರು. ಮೂರು ವಾರಕ್ಕೂ ಹೆಚ್ಚು ಅಲ್ಲೇ ಇದ್ದರು. ಮಾಡಲು ಬೇರೆ ಕೆಲಸ ಇಲ್ಲ. ಚೊಯಿನ್ಸ್ಕಿ ಈ ಹುಡುಗನಿಗೆ ಜೈಲಿನಲ್ಲೇ ಪಾಠ ಹೇಳಿಕೊಟ್ಟ. ಗುದ್ದು ತಿನ್ನದೆ ಇರುವುದು ಹೇಗೆ ಅನ್ನುವುದೇ ಆ ಪಾಠದ ಮುಖ್ಯ ಭಾಗ. ಸರ್ಕಾರದ ಖರ್ಚಿನಲ್ಲಿ ಇದಕ್ಕಿಂತ ಒಳ್ಳೆಯ ಕೋಚಿಂಗ್ ಸಿಗಲಿಕ್ಕಿಲ್ಲ.

ಜಾನ್ಸನ್ ಆಟವನ್ನು ಹತ್ತಿರದಿಂದ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಈಗಿನವರ ಹಾಗೆ ಎರಡೂ ಗ್ಲೌಸು ಕೆನ್ನೆಗೆ ಒತ್ತಿಕೊಂಡು ನಿಲ್ಲುವುದಿಲ್ಲ. ಎಡಗೈ ಮುಂದಕ್ಕೆ ಚಾಚಿದೆ, ಅಂಗೈ ಅರ್ಧ ತೆರೆದಿದೆ. ಮೈ ಹಿಂದಕ್ಕೆ ವಾಲಿದೆ, ಭಾರ ಹಿಂಗಾಲಿನ ಮೇಲೆ. ಎದುರಾಳಿ ಗುದ್ದಲು ತೋಳು ಎತ್ತಿದ ಕೂಡಲೇ ಆ ತೋಳಿನ ಮೇಲೆಯೇ ಕೈ ಇಡುತ್ತಾನೆ. ಗುದ್ದು ಹುಟ್ಟುವ ಮೊದಲೇ ಸತ್ತುಹೋಗುತ್ತದೆ. ಅಲ್ಲಿಂದ ಹಾಗೇ ಅಪ್ಪಿ ಹಿಡಿದುಕೊಂಡು, ಒಂದು ಕೈ ಬಿಡಿಸಿ ಕೆಳಗಿನಿಂದ ಅಪ್ಪರ್‌ಕಟ್. ಮಧ್ಯೆ ಮಧ್ಯೆ ಎದುರಾಳಿಯ ಹೆಗಲ ಮೇಲಿಂದ ನೋಡುತ್ತಾ ಪ್ರೇಕ್ಷಕರ ಜೊತೆ ಮಾತು ಬೇರೆ.

ಹಾಗೆ ನಿಲ್ಲಲು ಕಾರಣ ಇತ್ತು. ಆಗಿನ ಗ್ಲೌಸು ನಾಲ್ಕೈದು ಔನ್ಸಿನವು. ಅವುಗಳ ಹಿಂದೆ ಮುಖ ಮರೆ ಮಾಡಿಕೊಳ್ಳಲು ಆಗುತ್ತಿರಲಿಲ್ಲ. ಈಗಿನ ಹೆವಿವೇಟ್ ಗ್ಲೌಸು 10 ಔನ್ಸಿನವು, ಕೆನ್ನೆಗೆ ಇಟ್ಟುಕೊಂಡರೆ ಒಂದು ಗೋಡೆ ಇದ್ದ ಹಾಗೆ. ಜೊತೆಗೆ ಪಂದ್ಯಗಳು 20, 25, ಕೆಲವೊಮ್ಮೆ 45 ರೌಂಡಿನವು. ಮೊದಲ ರೌಂಡಿನಲ್ಲೇ ಕುಣಿದಾಡಿದರೆ ಮೂವತ್ತನೆಯದರಲ್ಲಿ ಕಾಲು ಇರುವುದಿಲ್ಲ. ಹಾಗಾಗಿ ನಿಧಾನ. ಮಂದ ಅಂತ ನಮಗೆ ಕಾಣುವುದು ಅವರಿಗೆ ಉಳಿತಾಯ.

1908ರ ಡಿಸೆಂಬರ್ 26ರಂದು ಸಿಡ್ನಿಯಲ್ಲಿ ಟಾಮಿ ಬರ್ನ್ಸ್‌ನನ್ನು ಸೋಲಿಸಿ ಜಾನ್ಸನ್ ಹೆವಿವೇಟ್ ಚಾಂಪಿಯನ್ ಆದ. ಆ ಪಟ್ಟ ಪಡೆದ ಮೊದಲ ಕರಿಯ. 14ನೇ ರೌಂಡಿನಲ್ಲಿ ಪೊಲೀಸರೇ ಪಂದ್ಯ ನಿಲ್ಲಿಸಿದರು. ಇಲ್ಲಿ ತೂಕ ಗಮನಿಸಿ. ಜಾನ್ಸನ್ ಸುಮಾರು 87 ಕೆಜಿ. ಬರ್ನ್ಸ್ ಸುಮಾರು 76 ಕೆಜಿ, ಎತ್ತರ ಐದು ಅಡಿ ಏಳು ಇಂಚು. ಹೆವಿವೇಟ್ ವಿಶ್ವ ಚಾಂಪಿಯನ್! ಈಗ ಅವನನ್ನು ಆ ತೂಕದಲ್ಲಿ ಹೆವಿವೇಟ್ ರಿಂಗಿನ ಹತ್ತಿರಕ್ಕೂ ಬಿಡುವುದಿಲ್ಲ.

ಬಿಳಿ ಅಮೆರಿಕಕ್ಕೆ ಇದನ್ನು ಅರಗಿಸಿಕೊಳ್ಳಲು ಆಗಲಿಲ್ಲ. ಸೋಲಿಲ್ಲದೆ ನಿವೃತ್ತನಾಗಿ ಹೊಲ ನೋಡಿಕೊಂಡಿದ್ದ ಜಿಮ್ ಜೆಫ್ರಿಸ್‌ನನ್ನು ಪತ್ರಿಕೆಗಳು ಕಾಡಿ ಬೇಡಿ ಎಬ್ಬಿಸಿದವು. ಹಳೆಯ ಚಾಂಪಿಯನ್ ಹೊಸಬನನ್ನು ಸೋಲಿಸಬಲ್ಲನೇ ಅನ್ನುವ ಪ್ರಶ್ನೆಯನ್ನು ನಿಜವಾದ ರಿಂಗಿನಲ್ಲಿ ಕೇಳಿದ್ದು ಆಗ. ಇಲ್ಲಿ ಹಳಬ ಜೆಫ್ರಿಸ್, ಹೊಸಬ ಜಾನ್ಸನ್. ಆರು ವರ್ಷ ರಿಂಗಿಗೆ ಇಳಿಯದಿದ್ದ ಜೆಫ್ರಿಸ್ 45 ಕೆಜಿಯಷ್ಟು ತೂಕ ಇಳಿಸಬೇಕಾಯಿತು. 1910ರ ಜುಲೈ 4, ನೆವಾಡದ ರೀನೊ. 45 ರೌಂಡಿಗೆ ಒಪ್ಪಂದ. 15ನೇ ರೌಂಡಿನಲ್ಲಿ ಜೆಫ್ರಿಸ್ ಮತ್ತೆ ಮತ್ತೆ ಬಿದ್ದ. ಅವನ ಕಡೆಯವರೇ ಸಾಕು ಅಂದರು.

ತನ್ನ ಒಳ್ಳೆಯ ಕಾಲದಲ್ಲಿ ಆಡಿದ್ದರೂ ಜಾನ್ಸನ್‌ನನ್ನು ಸೋಲಿಸಲು ಆಗುತ್ತಿರಲಿಲ್ಲ, ಸಾವಿರ ವರ್ಷ ಕೊಟ್ಟರೂ ಅವನಿಗೆ ಗುದ್ದು ತಾಗಿಸಲು ಆಗುತ್ತಿರಲಿಲ್ಲ ಎಂಬರ್ಥದ ಮಾತನ್ನು ಜೆಫ್ರಿಸ್ ಆಮೇಲೆ ಆಡಿದ ಎಂದು ದಾಖಲಾಗಿದೆ. ಸೋತ ಮೇಲೆ ಹಾಗೆ ಹೇಳಲು ದೊಡ್ಡ ಮನಸ್ಸು ಬೇಕು. ಆದರೆ ಅವನ ಅಭಿಮಾನಿಗಳು ಅದನ್ನು ಕೇಳಿಸಿಕೊಳ್ಳಲಿಲ್ಲ. ಆ ರಾತ್ರಿ ಅಮೆರಿಕದ ಊರೂರುಗಳಲ್ಲಿ ಕರಿಯರ ಮೇಲೆ ಹಲ್ಲೆ ಆಯಿತು. ಜನ ಸತ್ತರು. ಪಂದ್ಯದ ಫಿಲ್ಮನ್ನು ಊರಿಂದೂರಿಗೆ ನಿಷೇಧಿಸಿದರು. 1912ರಲ್ಲಿ ಕಾನೂನೇ ಬಂತು, ಬಾಕ್ಸಿಂಗ್ ಫಿಲ್ಮನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸುವಂತಿಲ್ಲ ಅಂತ. ಅದು ರದ್ದಾಗಿದ್ದು 1940ರಲ್ಲಿ. ಅಂದರೆ ಒಂದು ತಲೆಮಾರಿನವರು ಜಾನ್ಸನ್ ಬಗ್ಗೆ ವಾದ ಮಾಡಿದ್ದು ಬಹುಪಾಲು ಅವನ ಆಟ ನೋಡದೆ. ಸಾಕ್ಷಿ ಬೀರುವಿನಲ್ಲಿತ್ತು.

ಅದರ ನಡುವೆ 1915ರ ಏಪ್ರಿಲ್ 5ರಂದು ಹವಾನಾದಲ್ಲಿ ಜಾನ್ಸನ್ ಪಟ್ಟ ಕಳೆದುಕೊಂಡ. ಎದುರಾಳಿ ಜೆಸ್ ವಿಲ್ಲರ್ಡ್, ಆರೂವರೆ ಅಡಿ ಎತ್ತರದ ಆಸಾಮಿ. 26ನೇ ರೌಂಡಿನಲ್ಲಿ ನಾಕೌಟ್. ಬೇಕಂತಲೇ ಸೋತೆ ಅಂತ ಜಾನ್ಸನ್ ಮುಂದೆ ಹೇಳಿಕೊಂಡು ತಿರುಗಿದ. ಬಿದ್ದಿರುವಾಗ ಬಿಸಿಲಿಗೆ ಕಣ್ಣು ಮರೆ ಮಾಡಿಕೊಂಡ ಹಾಗೆ ಕಾಣುವ ಫೋಟೊ ಒಂದಿದೆ, ಅದನ್ನೇ ಪುರಾವೆ ಅಂದವರಿದ್ದಾರೆ. ನನಗೆ ನಂಬಿಕೆ ಇಲ್ಲ. ಸೋಲಲು ಹೊರಟವನು ಬೆಂಕಿಯಂಥ ಬಿಸಿಲಲ್ಲಿ 26 ರೌಂಡು ಯಾಕೆ ಒದ್ದಾಡುತ್ತಾನೆ? ವಿಲ್ಲರ್ಡ್ ಕೂಡ ಇದೇ ಅರ್ಥದ ಮಾತು ಹೇಳಿ ನಕ್ಕಿದ್ದ: ಬಿಡುವುದೇ ಆಗಿದ್ದರೆ ಸ್ವಲ್ಪ ಬೇಗ ಬಿಡಬಾರದಿತ್ತೇ, ಅಲ್ಲಿ ಎಂಥ ಸೆಕೆ! ನಮ್ಮ ಪ್ರಶ್ನೆಗೆ ಈ ಪಂದ್ಯ ಮುಖ್ಯ. ಜಾನ್ಸನ್‌ಗೆ ಆಗ 37 ವರ್ಷ, ನಿಜ. ಆದರೂ ತನಗಿಂತ ಅರ್ಧ ಅಡಿ ಎತ್ತರದ, ಹೇಳಿಕೊಳ್ಳುವಂಥ ಕೌಶಲವೇನೂ ಇಲ್ಲದ ದೊಡ್ಡ ದೇಹ ಅವನಿಗೆ ಏನು ಮಾಡಿತು ಅನ್ನುವುದು ಅಲ್ಲಿ ಕಾಣುತ್ತದೆ.

ಮುಂದಿನ ಉತ್ತರ ಪಟ್ಟಿಯ ರೂಪದಲ್ಲಿ ಬಂತು. ನ್ಯಾಟ್ ಫ್ಲೈಷರ್ 1922ರಲ್ಲಿ ಶುರುವಾದ 'ದಿ ರಿಂಗ್' ಪತ್ರಿಕೆಯ ಸಂಪಾದಕ. ಬಾಕ್ಸಿಂಗ್ ವಿಷಯದಲ್ಲಿ ಆತ ಹೇಳಿದ್ದೇ ವೇದವಾಕ್ಯ. ಸಾರ್ವಕಾಲಿಕ ಹೆವಿವೇಟ್‌ಗಳಲ್ಲಿ ಆತನ ಮೊದಲ ಐದು ಹೆಸರು: ಜಾನ್ಸನ್, ಜೆಫ್ರಿಸ್, ಬಾಬ್ ಫಿಟ್ಸಿಮನ್ಸ್, ಜ್ಯಾಕ್ ಡೆಂಪ್ಸಿ, ಕಾರ್ಬೆಟ್. ಜೋ ಲೂಯಿಸ್ ಆರನೆಯವನು. 49 ಪಂದ್ಯ ಆಡಿ ಒಂದೂ ಸೋಲದ ರಾಕಿ ಮಾರ್ಸಿಯಾನೊ ಹತ್ತನೆಯವನು. 1972ರಲ್ಲಿ ತೀರಿಕೊಳ್ಳುವವರೆಗೂ ಫ್ಲೈಷರ್ ಮಹಮ್ಮದ್ ಅಲಿಗೆ ಆ ಹತ್ತರಲ್ಲಿ ಜಾಗ ಕೊಡಲಿಲ್ಲ.

ಆತ ಹುಟ್ಟಿದ್ದು 1887ರಲ್ಲಿ. ಜಾನ್ಸನ್ ಗೆದ್ದಾಗ ಇಪ್ಪತ್ತೊಂದು ವರ್ಷ. ಇಷ್ಟು ಹೇಳಿದರೆ ಸಾಕು ಅಲ್ವಾ? ಇಪ್ಪತ್ತರಲ್ಲಿ ಕಂಡ ವೀರನನ್ನು ಯಾರೂ ಇಳಿಸುವುದಿಲ್ಲ. ದೂರದ ಬೆಟ್ಟ ನುಣ್ಣಗೆ. ಆದರೂ ಆ ಪಟ್ಟಿಯನ್ನು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅರವತ್ತರ ದಶಕದವರೆಗೆ ಎಲ್ಲರನ್ನೂ ರಿಂಗಿನ ಪಕ್ಕ ಕೂತು ನೋಡಿದ ಮನುಷ್ಯ ಜಾನ್ಸನ್‌ನನ್ನು ಮೊದಲಿಟ್ಟ ಅಂದರೆ, ಬರೀ ಹಳೇ ಪ್ರೀತಿ ಅಂತ ಬಿಟ್ಟುಬಿಡುವುದು ಸುಲಭದ ದಾರಿ.

ಇನ್ನು ಕಂಪ್ಯೂಟರ್. ಇದು ಇಡೀ ಕಥೆಯಲ್ಲೇ ತಮಾಷೆಯ ಭಾಗ, ಸ್ವಲ್ಪ ಬೇಸರದ್ದೂ ಹೌದು.

1967ರಲ್ಲಿ ಮಯಾಮಿಯ ರೇಡಿಯೊ ನಿರ್ಮಾಪಕ ಮರ್ರಿ ವೊರೋನರ್‌ಗೆ ಒಂದು ಉಪಾಯ ಹೊಳೆಯಿತು. ಹದಿನಾರು ಹೆವಿವೇಟ್ ದಿಗ್ಗಜರ ವಿವರಗಳನ್ನು ಎನ್‌ಸಿಆರ್ 315 ಕಂಪ್ಯೂಟರಿಗೆ ತುಂಬಿಸಿ, ಅವರ ನಡುವೆ ಪಂದ್ಯಾವಳಿ ನಡೆಸುವುದು. ಕಂಪ್ಯೂಟರ್ ಕೊಟ್ಟ ಫಲಿತಾಂಶಕ್ಕೆ ಕಾಮೆಂಟರಿ, ಗಂಟೆ ಸದ್ದು, ಜನರ ಗದ್ದಲ ಸೇರಿಸಿ ರೇಡಿಯೊದಲ್ಲಿ ನಿಜವಾದ ಪಂದ್ಯದ ಹಾಗೆ ಬಿತ್ತರಿಸಿದರು. ಫೈನಲ್‌ನಲ್ಲಿ ಮಾರ್ಸಿಯಾನೊ ಡೆಂಪ್ಸಿಯನ್ನು ಸೋಲಿಸಿದ. ಅಲಿ ಯಾರ ಎದುರು ಸೋತ ಗೊತ್ತಾ? ಜಿಮ್ ಜೆಫ್ರಿಸ್ ಎದುರು. ರೀನೊದಲ್ಲಿ ಜಾನ್ಸನ್ ಕೈಯಲ್ಲಿ ಪೆಟ್ಟು ತಿಂದ ಅದೇ ಜೆಫ್ರಿಸ್.

ಅಲಿ ಸಿಟ್ಟಾಗಿ ಹತ್ತು ಲಕ್ಷ ಡಾಲರ್ ಮಾನನಷ್ಟ ಮೊಕದ್ದಮೆ ಹಾಕಿದ. ಕಂಪ್ಯೂಟರಿಗೆ ಸೋತದ್ದಕ್ಕೆ ಕೋರ್ಟಿಗೆ ಹೋದ ಬಾಕ್ಸರ್ ಬಹುಶಃ ಅವನೊಬ್ಬನೇ. ಆದರೆ ಆಗ ಅವನ ಕೈ ಖಾಲಿ. ವಿಯೆಟ್ನಾಂ ಯುದ್ಧಕ್ಕೆ ಸೇನೆ ಸೇರುವುದಿಲ್ಲ ಅಂದದ್ದಕ್ಕೆ 1967ರಲ್ಲೇ ಪಟ್ಟವನ್ನೂ ಲೈಸೆನ್ಸನ್ನೂ ಕಿತ್ತುಕೊಂಡಿದ್ದರು. ರಾಜಿ ಆಯಿತು. ಮಾರ್ಸಿಯಾನೊ ಜೊತೆ ಕ್ಯಾಮೆರಾ ಮುಂದೆ ಆಡುವುದು, ಕಂಪ್ಯೂಟರ್ ಹೇಳಿದಂತೆ ಸಿನಿಮಾ ಕತ್ತರಿಸಿ ಜೋಡಿಸುವುದು.

1969ರಲ್ಲಿ ಮಯಾಮಿಯಲ್ಲಿ ಶೂಟಿಂಗ್. ಮಾರ್ಸಿಯಾನೊಗೆ 45 ವರ್ಷ. ರಿಂಗು ಬಿಟ್ಟು ಹದಿಮೂರು ವರ್ಷ ಆಗಿತ್ತು. ಇಪ್ಪತ್ತು ಕೆಜಿಯಷ್ಟು ತೂಕ ಇಳಿಸಿ, ಬೋಳು ತಲೆಗೆ ವಿಗ್ ಇಟ್ಟುಕೊಂಡು ಬಂದ. ಒಂದೊಂದು ನಿಮಿಷದ ಎಪ್ಪತ್ತರಷ್ಟು ರೌಂಡು ಚಿತ್ರೀಕರಿಸಿದರು. ಕೊನೆಯನ್ನೂ ಬೇರೆ ಬೇರೆ ರೀತಿ ತೆಗೆದರು. ಯಾರು ಗೆಲ್ಲುತ್ತಾರೆ ಅಂತ ಇಬ್ಬರಿಗೂ ಹೇಳಲಿಲ್ಲ. ಶೂಟಿಂಗ್ ಮುಗಿದ ಕೆಲವೇ ವಾರದಲ್ಲಿ, ಆಗಸ್ಟ್ 31ರಂದು, ಮಾರ್ಸಿಯಾನೊ ವಿಮಾನ ಅಪಘಾತದಲ್ಲಿ ತೀರಿಕೊಂಡ. ಮರುದಿನ ಅವನ ಹುಟ್ಟುಹಬ್ಬ ಇತ್ತು. 1970ರ ಜನವರಿ 20ರಂದು 'ದಿ ಸೂಪರ್ ಫೈಟ್' ಸಾವಿರಕ್ಕೂ ಹೆಚ್ಚು ಚಿತ್ರಮಂದಿರಗಳಲ್ಲಿ ಒಂದೇ ರಾತ್ರಿ ಓಡಿತು. 13ನೇ ರೌಂಡಿನಲ್ಲಿ ಮಾರ್ಸಿಯಾನೊ ಅಲಿಯನ್ನು ನಾಕೌಟ್ ಮಾಡುತ್ತಾನೆ. ಆ ಕಂಪ್ಯೂಟರ್ ಅಲಬಾಮದಲ್ಲಿ ತಯಾರಾಗಿರಬೇಕು ಅಂತ ಅಲಿ ಚುಚ್ಚಿದ. ಕರಿಯರನ್ನು ಬಸ್ಸಿನ ಹಿಂದಿನ ಸೀಟಿಗೆ ಅಟ್ಟಿದ ರಾಜ್ಯ ಅದು.

ಅಲಿಯ ಮಾತಿನಲ್ಲಿ ತಮಾಷೆಗಿಂತ ಹೆಚ್ಚಿನದಿತ್ತು. ಕಂಪ್ಯೂಟರ್ ಯಾರ ಆಟವನ್ನೂ ನೋಡಿರಲಿಲ್ಲ. ವೊರೋನರ್ ಬಾಕ್ಸಿಂಗ್ ಬರಹಗಾರರನ್ನು ವಿಚಾರಿಸಿ ಕಲೆಹಾಕಿದ ಅಂಕಗಳೇ ಅದರ ಹೊಟ್ಟೆಗೆ ಹೋಗಿದ್ದು. ಬಿತ್ತಿದ್ದೇ ಬೆಳೆಯಿತು. ಜೆಫ್ರಿಸ್ ಬಗ್ಗೆ ಹಳೆಯ ತಲೆಮಾರಿನ ಬಿಳಿಯರು ಏನು ನಂಬಿದ್ದರೋ ಅದೇ ಯಂತ್ರದ ಬಾಯಿಂದ ತೀರ್ಪಾಗಿ ಹೊರಗೆ ಬಂತು.

ಈಗ ನನ್ನ ಲೆಕ್ಕ ಹೇಳುತ್ತೇನೆ. ಕಂಪ್ಯೂಟರ್ ಇಲ್ಲ, ಫಿಲ್ಮು ಮತ್ತು ತಕ್ಕಡಿ ಅಷ್ಟೇ.

ಮೊದಲು ತಕ್ಕಡಿ. ರೀನೊದಲ್ಲಿ ಜಾನ್ಸನ್ ಆರು ಅಡಿ ಮೇಲೆ ಅರ್ಧ ಇಂಚು, ಸುಮಾರು 94 ಕೆಜಿ. ಆಗ ಅದು ದೊಡ್ಡ ದೇಹ. ಈಗ 90.7 ಕೆಜಿವರೆಗೆ ಕ್ರೂಸರ್‌ವೇಟ್ ಅಂತ ಬೇರೆ ವಿಭಾಗವೇ ಇದೆ. ಅದಕ್ಕೂ ಹೆವಿವೇಟ್‌ಗೂ ಮಧ್ಯೆ 2020ರಲ್ಲಿ ವಿಶ್ವ ಬಾಕ್ಸಿಂಗ್ ಕೌನ್ಸಿಲ್ 101.6 ಕೆಜಿ ಮಿತಿಯ ಬ್ರಿಡ್ಜರ್‌ವೇಟ್ ತಂದಿತು. ಸಿಡ್ನಿಯ ಜಾನ್ಸನ್ ಕ್ರೂಸರ್, ರೀನೊದ ಜಾನ್ಸನ್ ಬ್ರಿಡ್ಜರ್. 2024ರ ಡಿಸೆಂಬರ್‌ನಲ್ಲಿ ಉಸಿಕ್ ಎದುರು ಆಡಿದಾಗ ಫ್ಯೂರಿ ಆರು ಅಡಿ ಒಂಬತ್ತು ಇಂಚು, 127 ಕೆಜಿ. ಜಾನ್ಸನ್‌ಗಿಂತ 33 ಕೆಜಿ ಹೆಚ್ಚು. ಒಂದು ಅಕ್ಕಿ ಮೂಟೆ ಹೊತ್ತುಕೊಂಡ ಹಾಗೆ. ಜಾನ್ಸನ್ ಅಪ್ಪಿ ಹಿಡಿದರೆ ಆ ಭಾರ ಪೂರ್ತಿ ಅವನ ಕುತ್ತಿಗೆ ಮೇಲೆ.

ಹಾಗಂತ ತೂಕವೇ ಎಲ್ಲ ಅಲ್ಲ. 1919ರಲ್ಲಿ 85 ಕೆಜಿಯ ಡೆಂಪ್ಸಿ 111 ಕೆಜಿಯ ವಿಲ್ಲರ್ಡ್‌ನನ್ನು ಮೊದಲ ರೌಂಡಿನಲ್ಲೇ ಏಳು ಸಲ ಬೀಳಿಸಿದ. 2009ರಲ್ಲಿ ಸುಮಾರು 99 ಕೆಜಿಯ ಡೇವಿಡ್ ಹೇ ಏಳು ಅಡಿಯ, 143 ಕೆಜಿಯ ನಿಕೊಲಾಯ್ ವಾಲುಯೆವ್‌ನನ್ನು ಸೋಲಿಸಿದ. ಉಸಿಕ್ ಕೂಡ ಕ್ರೂಸರ್‌ವೇಟ್‌ನಿಂದ ಮೇಲೆ ಬಂದವನೇ. 2024ರಲ್ಲಿ ರಿಯಾದ್‌ನಲ್ಲಿ ಫ್ಯೂರಿಯನ್ನು ಎರಡು ಸಲ ಸೋಲಿಸಿದ, ಎರಡನೇ ಸಲ ತನಗಿಂತ ಸುಮಾರು 25 ಕೆಜಿ ಜಾಸ್ತಿ ಇದ್ದಾಗ. ಹಾಗಾದರೆ ಜಾನ್ಸನ್ ಯಾಕೆ ಆಗಬಾರದು ಅನ್ನುತ್ತೀರಿ.

ತೊಂದರೆ ಇರುವುದು ರೆಫರಿಯಲ್ಲಿ. ಜಾನ್ಸನ್ ಆಟದ ಅರ್ಧ ಭಾಗ ಹಿಡಿದುಕೊಂಡು ಹೊಡೆಯುವುದು. ಈಗ ಅದು ಫೌಲ್. ಅಪ್ಪಿ ಹಿಡಿದ ಕೂಡಲೇ ರೆಫರಿ ಮಧ್ಯೆ ಕೈ ಹಾಕಿ ಬಿಡಿಸುತ್ತಾನೆ. ಮತ್ತೆ ಮಾಡಿದರೆ ಪಾಯಿಂಟ್ ಕಡಿತ. ಅಲ್ಲಿಗೆ ಆ ಅಪ್ಪರ್‌ಕಟ್ಟಿನ ಕಥೆ ಮುಗಿಯಿತು. ಇನ್ನೊಂದು, 12 ರೌಂಡು. 1982ರ ನವೆಂಬರ್‌ನಲ್ಲಿ ರೇ ಮಾನ್ಸಿನಿ ಎದುರು ಆಡಿದ ಕೊರಿಯಾದ ಕಿಮ್ ಡುಕ್-ಕೂ ಪೆಟ್ಟಿನಿಂದ ಸತ್ತ ಮೇಲೆ 15 ಇದ್ದದ್ದು 12ಕ್ಕೆ ಇಳಿಯಿತು. ಮೂವರು ತೀರ್ಪುಗಾರರು ಪ್ರತಿ ರೌಂಡಿಗೂ ಬೇರೆ ಬೇರೆ ಅಂಕ ಬರೆಯುತ್ತಾರೆ. ಜಾನ್ಸನ್ ಹಾಗೆ ಮೊದಲ ಆರು ರೌಂಡು ಎದುರಾಳಿಯನ್ನು ಓದಿಕೊಳ್ಳುತ್ತಾ, ನಗುತ್ತಾ, ಮಾತಾಡುತ್ತಾ ಕಳೆದರೆ ಅಷ್ಟರಲ್ಲಿ ಅರ್ಧ ಪಂದ್ಯ ಕೈ ಬಿಟ್ಟಿರುತ್ತದೆ. ಉಸಿಕ್ ಅಂಥವನು ಕಾಲು ನಿಲ್ಲಿಸುವುದೇ ಇಲ್ಲ. ಜೊತೆಗೆ ಎಡಗೈಯವನು. ಜಾನ್ಸನ್ ಕಾಲದಲ್ಲಿ ಎಡಚರನ್ನೂ ಬಲಗೈಯವರ ಹಾಗೆ ನಿಲ್ಲಿಸಿ ಕಲಿಸುತ್ತಿದ್ದರು. ಎಡಗೈ ನಿಲುವಿನವನೊಬ್ಬ ಮೊದಲ ಸಲ ಹೆವಿವೇಟ್ ಚಾಂಪಿಯನ್ ಆಗಿದ್ದು 1994ರಲ್ಲಿ, ಮೈಕಲ್ ಮೂರರ್. ಚಾಚಿದ ಆ ಎಡಗೈಯಿಂದ ತೋಳು ಹಿಡಿಯುವ ಜಾನ್ಸನ್ ವಿದ್ಯೆ ಎಡಚನ ಎದುರು ಲೆಕ್ಕ ತಪ್ಪುತ್ತದೆ.

ಹಾಗಾಗಿ ನನ್ನ ತೀರ್ಪು ಇದು. 1910ರ ಜಾನ್ಸನ್‌ನನ್ನು ಎತ್ತಿ ತಂದು ಮುಂದಿನ ಶನಿವಾರ ರಿಂಗಿಗೆ ಇಳಿಸಿದರೆ ಫ್ಯೂರಿ ಎದುರೂ ಸೋಲುತ್ತಾನೆ, ಉಸಿಕ್ ಎದುರೂ ಸೋಲುತ್ತಾನೆ. ಫ್ಯೂರಿ ಎದುರು ನಾಕೌಟ್ ಆಗಬಹುದು. ಉಸಿಕ್ ಎದುರು ಅಂಕದಲ್ಲಿ, ಬಹುಶಃ ಹನ್ನೆರಡರಲ್ಲಿ ಹತ್ತು ರೌಂಡು ಕಳೆದುಕೊಂಡು. ಆದರೆ ಮೂರು ವರ್ಷ ಒಳ್ಳೆಯ ಜಿಮ್ಮಿನಲ್ಲಿ ಬಿಟ್ಟು, ಈಗಿನ ನಿಯಮ ಕಲಿಸಿ, ಕ್ರೂಸರ್‌ವೇಟ್‌ನಲ್ಲಿ ಇಳಿಸಿ ನೋಡಿ. ಆ ಕಣ್ಣು, ಆ ಅಂತರದ ಅಂದಾಜು ಕಲಿಸಿದರೆ ಬರುವಂಥವಲ್ಲ. ಅಲ್ಲಿ ನಾನು ಅವನ ಮೇಲೆಯೇ ದುಡ್ಡು ಕಟ್ಟುತ್ತೇನೆ.

ತಿರುಗಿಸಿ ನೋಡಿದರೆ ಇನ್ನೂ ಮಜಾ. ಫ್ಯೂರಿಯನ್ನು ರೀನೊಗೆ ಕಳಿಸಿ. ಜುಲೈ ಬಿಸಿಲು, 45 ರೌಂಡು, ನಾಲ್ಕೈದು ಔನ್ಸಿನ ಗ್ಲೌಸು, ಬಾಯಲ್ಲಿ ಹಲ್ಲಿನ ರಕ್ಷಣೆಗೆ ಏನೂ ಇಲ್ಲ. ಹುಬ್ಬು ಒಡೆದರೆ ನಿಲ್ಲಿಸಲು ಡಾಕ್ಟರ್ ಇಲ್ಲ. ಬಿದ್ದರೆ ಎದುರಾಳಿ ದೂರದ ಮೂಲೆಗೆ ಹೋಗುವುದಿಲ್ಲ, ತಲೆಯ ಮೇಲೇ ನಿಂತು ಏಳುವುದನ್ನೇ ಕಾಯುತ್ತಾನೆ. ಮೊದಲ ಹತ್ತು ರೌಂಡಿನಲ್ಲಿ ಮುಗಿಸಿದರೆ ಸರಿ. ಇಪ್ಪತ್ತು ದಾಟಿದರೆ 127 ಕೆಜಿ ಹೊತ್ತು ನಿಲ್ಲುವುದು ಹೇಗೆ? ಅಲ್ಲಿ ಜಾನ್ಸನ್ ನಗುತ್ತಾ ಕಾಯುತ್ತಿರುತ್ತಾನೆ.

ಆ ಕಣ್ಣಿನ ಬಗ್ಗೆ ಹೇಳಿದೆನಲ್ಲ, ಅದಕ್ಕೆ ಸುಮ್ನೆ ಹೊಗಳಿಕೆಯಲ್ಲದ ಪುರಾವೆ ಇದೆ. 1936ರಲ್ಲಿ ಜೋ ಲೂಯಿಸ್ ಯಾರೂ ಮುಟ್ಟಲಾಗದ ಕರಿಯ ಯುವಕ. ಐವತ್ತೆಂಟರ ಜಾನ್ಸನ್ ಅವನ ಆಟ ನೋಡಿ, ಜ್ಯಾಬ್ (ಮುಂಗೈಯಿಂದ ನೇರಕ್ಕೆ ಕೊಡುವ ಚುಟುಕು ಗುದ್ದು) ಹೊಡೆದ ಮೇಲೆ ಎಡಗೈ ಕೆಳಗೆ ಬಿಡುತ್ತಾನೆ, ಒಳ್ಳೆಯ ಬಲಗೈ ಇರುವವನು ಸಿಕ್ಕಿದರೆ ಮುಗಿಯಿತು ಅಂದ. ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್ ಮೇಲೆ ಬಾಜಿ ಕಟ್ಟಿದ. ಶ್ಮೆಲಿಂಗ್ ಕೂಡ ಫಿಲ್ಮ್ ನೋಡಿ ಅದೇ ದೋಷ ಕಂಡುಕೊಂಡಿದ್ದ. ಜೂನ್ 19ರಂದು ಅದೇ ಬಲಗೈ, ಅದೇ ಜಾಗಕ್ಕೆ, ಮತ್ತೆ ಮತ್ತೆ. 12ನೇ ರೌಂಡಿನಲ್ಲಿ ಲೂಯಿಸ್ ನಾಕೌಟ್. ಗೆದ್ದ ದುಡ್ಡು ತೋರಿಸಿಕೊಂಡು ಓಡಾಡಿದ ಜಾನ್ಸನ್ ಮೇಲೆ ನ್ಯೂಯಾರ್ಕಿನ ಹಾರ್ಲೆಮ್‌ನ ಕರಿಯರು ಕೆಂಡವಾದರು. ಅದೂ ಅವನ ಸ್ವಭಾವವೇ.

1965ರಲ್ಲಿ ಅಲಿ ಸನ್ನಿ ಲಿಸ್ಟನ್‌ನನ್ನು ಮೊದಲ ರೌಂಡಿನಲ್ಲೇ ಕೆಡವಿದ ಗುದ್ದು ಎಷ್ಟೋ ಜನರಿಗೆ ಕಾಣಲೇ ಇಲ್ಲ. ಆ ಗುದ್ದನ್ನು ನಟ ಸ್ಟೆಪಿನ್ ಫೆಚಿಟ್ ಕಲಿಸಿದ, ಅವನಿಗೆ ಜ್ಯಾಕ್ ಜಾನ್ಸನ್ ಹೇಳಿಕೊಟ್ಟಿದ್ದ ಅಂತ ಅಲಿ ಹೇಳಿದ. ನಿಜವೋ ಅಲಿಯ ಇನ್ನೊಂದು ಮಾತಿನ ಆಟವೋ. ಆದರೆ ಹಿಂದಕ್ಕೆ ವಾಲಿ ಗುದ್ದು ತಪ್ಪಿಸಿಕೊಳ್ಳುವುದು, ಎದುರಾಳಿಯನ್ನು ಮಾತಿನಲ್ಲೇ ಕೆಣಕುವುದು, ಇವೆರಡನ್ನೂ ನೋಡಿದರೆ ಅಲಿಯಲ್ಲಿ ಜಾನ್ಸನ್ ಕಾಣುತ್ತಾನೆ. ಅಪ್ಪಿ ಹಿಡಿದು ಭಾರ ಹಾಕುವ ಫ್ಯೂರಿಯಲ್ಲೂ ಸ್ವಲ್ಪ ಕಾಣುತ್ತಾನೆ.

ಇಷ್ಟೆಲ್ಲ ಕಾಲ್ಪನಿಕ ಪಂದ್ಯ ಕಟ್ಟುವಾಗ ನನ್ನನ್ನು ಕಾಡುವುದು ಆಗಿನ ಕಾಲದಲ್ಲೇ ಆಗದೆ ಉಳಿದ ಪಂದ್ಯಗಳು. ಸ್ಯಾಮ್ ಲ್ಯಾಂಗ್‌ಫರ್ಡ್, ಜೋ ಜೆನೆಟ್, ಸ್ಯಾಮ್ ಮೆಕ್‌ವೇ. ಮೂವರೂ ಕರಿಯರು, ಮೂವರೂ ಅಪ್ಪಟ ಪ್ರತಿಭೆಗಳು. 1909ರಲ್ಲಿ ಪ್ಯಾರಿಸ್‌ನಲ್ಲಿ ಜೆನೆಟ್ ಮತ್ತು ಮೆಕ್‌ವೇ ಮೂರು ಮೂರು ನಿಮಿಷದ 49 ರೌಂಡು ಹೊಡೆದಾಡಿದರು. ಮತ್ತೆ ಮತ್ತೆ ಬಿದ್ದು ಎದ್ದ ಜೆನೆಟ್ ಕೊನೆಗೆ ಗೆದ್ದ. ಇವರೆಲ್ಲರ ಜೊತೆ ಜಾನ್ಸನ್ ಚಾಂಪಿಯನ್ ಆಗುವ ಮೊದಲು ಆಡಿದ್ದ. 1906ರಲ್ಲಿ ಲ್ಯಾಂಗ್‌ಫರ್ಡ್‌ನನ್ನು ಸೋಲಿಸಿಯೂ ಇದ್ದ. ಆಗ ಲ್ಯಾಂಗ್‌ಫರ್ಡ್ 71 ಕೆಜಿಯ ಹುಡುಗ. ಪಟ್ಟ ಸಿಕ್ಕ ಮೇಲೆ ಈ ಮೂವರಲ್ಲಿ ಒಬ್ಬನಿಗೂ ಅವಕಾಶ ಕೊಡಲಿಲ್ಲ. ಬಿಳಿಯನ ಎದುರು ಆಡಿದರೆ ಬರುವ ದುಡ್ಡು ಇಬ್ಬರು ಕರಿಯರ ಪಂದ್ಯಕ್ಕೆ ಬರುವುದಿಲ್ಲ ಅನ್ನುವುದು ಲೆಕ್ಕಾಚಾರ. ಪಟ್ಟಕ್ಕಾಗಿ ಅವನು ಎದುರಿಸಿದ ಒಬ್ಬನೇ ಕರಿಯ ಬ್ಯಾಟ್ಲಿಂಗ್ ಜಿಮ್ ಜಾನ್ಸನ್, 1913ರಲ್ಲಿ ಪ್ಯಾರಿಸ್‌ನಲ್ಲಿ. ಅದು ಡ್ರಾ ಆಯಿತು. ತನ್ನನ್ನು ಹೊರಗಿಟ್ಟ ಬಾಗಿಲನ್ನು ಒದ್ದು ಒಳಗೆ ಬಂದವನು, ಬಂದ ಮೇಲೆ ತಾನೇ ಚಿಲಕ ಹಾಕಿಕೊಂಡ. ಲ್ಯಾಂಗ್‌ಫರ್ಡ್ ಬಲಿತ ಮೇಲೆ ಜಾನ್ಸನ್ ಎದುರು ನಿಂತಿದ್ದರೆ ಏನಾಗುತ್ತಿತ್ತು? ಉಸಿಕ್ ಪ್ರಶ್ನೆಗಿಂತ ನನಗೆ ಇದೇ ದೊಡ್ಡದು.

ಜೆನೆಟ್ ಎದುರಿನ ಪಂದ್ಯವಾದರೂ ಕೊನೆಗೆ ಒಂದು ರೀತಿಯಲ್ಲಿ ನಡೆಯಿತು. 1945ರ ನವೆಂಬರ್ 27, ನ್ಯೂಯಾರ್ಕ್. ಯುದ್ಧದ ಬಾಂಡ್ ಮಾರಲು ಇಟ್ಟ ಪ್ರದರ್ಶನ ಪಂದ್ಯ. ಜಾನ್ಸನ್‌ಗೆ 67, ಜೆನೆಟ್‌ಗೆ 66. ಒಂದೊಂದು ನಿಮಿಷದ ಮೂರು ರೌಂಡು ಅಂತ ಮೊದಲೇ ಮಾತಾಗಿತ್ತು. ಗಂಟೆ ಹೊಡೆಯಿತು, ಇಬ್ಬರೂ ಮೂಲೆ ಬಿಟ್ಟು ಬಂದರು.